ಮರಳಿ ಪಡೆಯುವ ದಿನದಿಂದ ಹಿಂದಕ್ಕೆ: ಮನೆಯ ಕಂಪ್ಯೂಟರಿಗೆ ಉಚಿತ ಬ್ಯಾಕಪ್ ತಂತ್ರಾಂಶದ ಆಯ್ಕೆ

ಬ್ಯಾಕಪ್ ತಂತ್ರಾಂಶವನ್ನು ಹುಡುಕಲು ಹೊರಟವರು ಅದು ಎಷ್ಟು ಬೇಗ ನಕಲು ತೆಗೆಯುತ್ತದೆ, ನೋಡಲು ಎಷ್ಟು ಅಚ್ಚುಕಟ್ಟಾಗಿದೆ, ನಾವು ಹೇಳದಿದ್ದರೂ ತಾನಾಗಿ ಓಡುತ್ತದೆಯೇ ಎಂಬುದನ್ನು ಮೊದಲು ವಿಚಾರಿಸುತ್ತಾರೆ. ಇವೆಲ್ಲ ಬೇಕಾದ ಗುಣಗಳೇ. ಆದರೆ ಬ್ಯಾಕಪ್ ನಿಜವಾಗಿ ಕೆಲಸಕ್ಕೆ ಬರುವುದು ಹಲವು ವರ್ಷಗಳಿಗೊಮ್ಮೆ, ಅದೂ ಕಂಪ್ಯೂಟರ್ ಕೈಕೊಟ್ಟು ಕಂಗಾಲಾಗಿ ಕುಳಿತ ದಿನ. ಆ ದಿನ ಈ ತಂತ್ರಾಂಶ ನನ್ನ ಫೈಲುಗಳನ್ನು ಹೇಗೆ ಮರಳಿಸುತ್ತದೆ, ಬೇರೊಂದು ಯಂತ್ರದಲ್ಲಿಯೂ ಮರಳಿಸುತ್ತದೆಯೇ, ತಂತ್ರಾಂಶವೇ ಸಿಗದೆ ಹೋದರೆ ಏನು ಗತಿ ಎಂಬ ಪ್ರಶ್ನೆಗಳಿಂದ ಆರಂಭಿಸಿ ಹಿಂದಕ್ಕೆ ಬಂದರೆ, ಹತ್ತಾರು ಹೆಸರುಗಳ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಬಹಳ ಹಿಂದೆ ಒಂದು ಉಚಿತ ತಂತ್ರಾಂಶವನ್ನು ನಂಬಿ, ನನ್ನ ಎಲ್ಲ ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ನಿಯಮಿತವಾಗಿ ಬ್ಯಾಕಪ್ ಮಾಡುತ್ತಿದ್ದೆ. ಅದು ಎಲ್ಲವನ್ನೂ ತನ್ನದೇ ರೀತಿಯ ಒಂದೇ ದೊಡ್ಡ ಫೈಲಿನೊಳಗೆ ತುಂಬಿಡುತ್ತಿತ್ತು. ಕಂಪ್ಯೂಟರ್ ಕೆಟ್ಟು ಹೊಸದನ್ನು ತಂದಾಗ ಆ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ. ಅದನ್ನು ತಯಾರಿಸಿದವರು ಅಷ್ಟರಲ್ಲಿ ಕೆಲಸ ನಿಲ್ಲಿಸಿದ್ದರು. ಡಿಸ್ಕ್ ಸರಿಯಾಗಿತ್ತು, ಫೈಲೂ ಇತ್ತು, ಆದರೆ ತೆರೆಯಲು ದಾರಿಯಿರಲಿಲ್ಲ. ಕೊನೆಗೆ ಪರಿಚಿತರೊಬ್ಬರ ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ತಂತ್ರಾಂಶದ ಹಳೆಯ ಆವೃತ್ತಿಯನ್ನು ಹಾಕಿ, ಮೂರು ದಿನ ಹೆಣಗಿ, ಬಹುಪಾಲನ್ನು ಹೊರತೆಗೆದೆ. ಬ್ಯಾಕಪ್ ಇದ್ದೂ ಇಲ್ಲದ ಸ್ಥಿತಿ ಎಂದರೆ ಅದು.

ಆಯ್ಕೆಗೆ ಮುನ್ನ ಯಾವ ಯಾವ ರೀತಿಯಲ್ಲಿ ಫೈಲುಗಳು ಹೋಗುತ್ತವೆ ಎಂಬುದನ್ನು ಬಿಡಿಸಿ ನೋಡಬೇಕು. ಡಿಸ್ಕ್ ಕೆಡುವುದು ಎಲ್ಲರಿಗೂ ಹೊಳೆಯುವ ಕಾರಣ. ಆದರೆ ನಮ್ಮದೇ ಕೈಯಿಂದ ಅಳಿಸಿಹೋಗುವುದು ಅದಕ್ಕಿಂತ ಕಡಿಮೆಯೇನಲ್ಲ: ತಪ್ಪು ಫೋಲ್ಡರನ್ನು ಅಳಿಸುವುದು, ಹಳೆಯ ಕರಡನ್ನು ಹೊಸದರ ಮೇಲೆ ಸೇವ್ ಮಾಡುವುದು, ಅದು ಗಮನಕ್ಕೆ ಬರುವುದು ಎರಡು ತಿಂಗಳ ನಂತರ. ಮೂರನೆಯದು ರ‍್ಯಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಫೈಲುಗಳಿಗೆ ಬೀಗ ಜಡಿದು ಹಣ ಕೇಳುತ್ತಿತ್ತು, ಮಾತ್ರವಲ್ಲ, ವಿಂಡೋಸ್ ಅದೇ ಡಿಸ್ಕಿನಲ್ಲಿ ಇಟ್ಟುಕೊಂಡಿರುವ ಹಳೆಯ ನೆರಳು ಪ್ರತಿಗಳನ್ನೂ ಅಳಿಸಿಹಾಕುತ್ತಿತ್ತು. ನಾಲ್ಕನೆಯದು ಕಳ್ಳತನ, ಬೆಂಕಿ, ನೀರು; ಇವು ಕಂಪ್ಯೂಟರಿನ ಜೊತೆಗೆ ಪಕ್ಕದಲ್ಲಿಟ್ಟ ಬ್ಯಾಕಪ್ ಡಿಸ್ಕನ್ನೂ ಒಯ್ಯುತ್ತವೆ.

ಈ ನಾಲ್ಕನ್ನು ಎದುರಿಗಿಟ್ಟುಕೊಂಡರೆ ಸಿಂಕ್ ಮತ್ತು ಬ್ಯಾಕಪ್ ನಡುವಿನ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಸಿಂಕ್‌ಥಿಂಗ್, ಫ್ರೀಫೈಲ್‌ಸಿಂಕ್ ಅಥವಾ ಕ್ಲೌಡ್ ಫೋಲ್ಡರುಗಳ ಮುಖ್ಯ ಕೆಲಸ ಎರಡು ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟರೆ ಅಲ್ಲಿಯೂ ಕೆಡುತ್ತದೆ. ಕೆಲವು ಸಿಂಕ್ ಸಾಧನಗಳಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೌಲಭ್ಯವಿದೆ, ಆದರೆ ಅದನ್ನು ನಾವೇ ಹುಡುಕಿ ಹೊಂದಿಸಬೇಕಾಗಬಹುದು, ಇಲ್ಲವೇ ಕೆಲವು ದಿನಗಳಿಗಷ್ಟೇ ಸೀಮಿತವಾಗಿರಬಹುದು. ಡಿಸ್ಕ್ ಕೆಟ್ಟಾಗ ಸಿಂಕ್ ಕಾಪಾಡುತ್ತದೆ; ತಪ್ಪು ನಮ್ಮದಾದಾಗ ಆ ತಪ್ಪನ್ನೇ ನಿಷ್ಠೆಯಿಂದ ನಕಲು ಮಾಡುತ್ತದೆ. ಬ್ಯಾಕಪ್ ಎನ್ನಿಸಿಕೊಳ್ಳಬೇಕಾದರೆ ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ಸ್ಥಿತಿಗೆ ಹಿಂದಿರುಗಲು ಸಾಧ್ಯವಾಗಬೇಕು.

ಇಡೀ ಡಿಸ್ಕಿನ ಪ್ರತಿಬಿಂಬ ಬೇಕೇ, ಫೈಲುಗಳ ನಕಲು ಸಾಕೇ ಎಂಬುದು ಮುಂದಿನ ಪ್ರಶ್ನೆ. ಇಮೇಜ್ ಎಂದು ಕರೆಯುವ ಪ್ರತಿಬಿಂಬದಲ್ಲಿ ಆಪರೇಟಿಂಗ್ ಸಿಸ್ಟಮ್, ಇನ್‌ಸ್ಟಾಲ್ ಮಾಡಿದ ತಂತ್ರಾಂಶಗಳು, ಸೆಟ್ಟಿಂಗುಗಳು ಎಲ್ಲವೂ ಇದ್ದಹಾಗೆಯೇ ಸೇರುತ್ತವೆ. ಹೊಸ ಡಿಸ್ಕ್ ಹಾಕಿ ಕೆಲವು ಗಂಟೆಗಳಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಅದಕ್ಕೆ ಜಾಗ ಹೆಚ್ಚು ಬೇಕು, ಒಂದು ಚಿತ್ರವನ್ನಷ್ಟೇ ಹೊರತೆಗೆಯುವುದು ಎಲ್ಲ ಸಾಧನಗಳಲ್ಲೂ ಸುಲಭವಲ್ಲ. ನನ್ನ ಅಭಿಪ್ರಾಯದಲ್ಲಿ ಮನೆಯ ಕಂಪ್ಯೂಟರಿಗೆ ಫೈಲುಗಳ ಬ್ಯಾಕಪ್ ಪ್ರತಿದಿನದ ಕೆಲಸ, ಇಮೇಜ್ ವರ್ಷಕ್ಕೆ ಒಂದೆರಡು ಸಲದ ಕೆಲಸ. ವಿಂಡೋಸನ್ನು ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಮಗುವಿನ ಮೊದಲ ಹೆಜ್ಜೆಯ ವಿಡಿಯೊವನ್ನು ಮತ್ತೆ ತೆಗೆಯಲಾಗದು.

ಪ್ರತಿದಿನ ಬ್ಯಾಕಪ್ ಮಾಡಿದರೆ ಡಿಸ್ಕ್ ತುಂಬಿಹೋಗುವುದಿಲ್ಲವೇ ಎಂಬ ಸಂದೇಹ ಸಹಜ. 200 ಜಿಬಿ ಫೈಲುಗಳಿವೆ, ದಿನಕ್ಕೆ 1 ಜಿಬಿಯಷ್ಟು ಬದಲಾಗುತ್ತದೆ ಎಂದುಕೊಳ್ಳೋಣ. 30 ದಿನ ಪೂರ್ಣ ನಕಲು ತೆಗೆದರೆ 6000 ಜಿಬಿ ಬೇಕು. ಮೊದಲ ದಿನ ಪೂರ್ಣವಾಗಿ ತೆಗೆದು, ಉಳಿದ 29 ದಿನ ಹಿಂದಿನ ದಿನದಿಂದ ಬದಲಾದದ್ದನ್ನು ಮಾತ್ರ ತೆಗೆದರೆ 229 ಜಿಬಿ ಸಾಕು. ಇದನ್ನು ಇನ್‌ಕ್ರಿಮೆಂಟಲ್ ಎನ್ನುತ್ತಾರೆ. ಇದರ ದೋಷವೆಂದರೆ ಸರಪಳಿ: ಹಳೆಯ ವಿಧಾನದ ತಂತ್ರಾಂಶಗಳಲ್ಲಿ 30ನೆಯ ದಿನದ ಸ್ಥಿತಿಯನ್ನು ಪಡೆಯಲು ಹಿಂದಿನ ಎಲ್ಲ ಕೊಂಡಿಗಳೂ ಬೇಕು, ನಡುವಿನ ಒಂದು ಕೆಟ್ಟರೆ ಅದರ ಮುಂದಿನವೂ ಹೋದಂತೆಯೇ. ಡಿಫರೆನ್ಷಿಯಲ್ ಎಂಬ ಇನ್ನೊಂದು ವಿಧಾನದಲ್ಲಿ ಪ್ರತಿ ಸಲವೂ ಪೂರ್ಣ ನಕಲಿನಿಂದೀಚೆಗೆ ಬದಲಾದ ಎಲ್ಲವನ್ನೂ ತೆಗೆಯುವುದರಿಂದ ಜಾಗ ಹೆಚ್ಚು ಹೋದರೂ ಎರಡೇ ಕೊಂಡಿಗಳು ಸಾಕಾಗುತ್ತವೆ.

ರೆಸ್ಟಿಕ್, ಬೋರ್ಗ್, ಕೋಪಿಯಾ ಮೊದಲಾದ ಈಚಿನ ಮುಕ್ತ ತಂತ್ರಾಂಶಗಳು ಈ ಸರಪಳಿಯನ್ನೇ ಬಿಟ್ಟುಕೊಟ್ಟಿವೆ. ಅವು ಪ್ರತಿ ಫೈಲನ್ನೂ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಅದರೊಳಗಿನ ದತ್ತಾಂಶದಿಂದಲೇ ಲೆಕ್ಕಹಾಕಿದ ಒಂದು ಗುರುತನ್ನು ಕೊಡುತ್ತವೆ. ಅದೇ ಗುರುತಿನ ತುಂಡು ಈಗಾಗಲೇ ಸಂಗ್ರಹದಲ್ಲಿದ್ದರೆ ಮತ್ತೆ ಬರೆಯುವುದಿಲ್ಲ. ಒಂದೇ ಫೋಟೊ ಮೂರು ಫೋಲ್ಡರುಗಳಲ್ಲಿದ್ದರೂ ಸಂಗ್ರಹದಲ್ಲಿ ಒಂದೇ ಸಲ ಇರುತ್ತದೆ. ಒಂದು ದಿನದ ಬ್ಯಾಕಪ್ ಎಂದರೆ ಯಾವ ಫೈಲಿಗೆ ಯಾವ ತುಂಡುಗಳು, ಯಾವ ಕ್ರಮದಲ್ಲಿ ಎಂಬ ಪಟ್ಟಿಯಷ್ಟೇ. ಆದ್ದರಿಂದ ನಡುವಿನ ಯಾವ ದಿನವನ್ನು ಅಳಿಸಿದರೂ ಉಳಿದವುಗಳಿಗೆ ತೊಂದರೆಯಿಲ್ಲ.

ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ ಒಂದು ಜಾಣತನವಿದೆ. ದೊಡ್ಡದೊಂದು ಪುಸ್ತಕವನ್ನು ಪ್ರತಿ ನೂರು ಸಾಲಿಗೊಮ್ಮೆ ಕತ್ತರಿಸುತ್ತೇವೆ ಎಂದುಕೊಳ್ಳಿ. ಮೊದಲ ಪುಟದಲ್ಲಿ ಒಂದು ಸಾಲನ್ನು ಸೇರಿಸಿದರೆ ಮುಂದಿನ ಎಲ್ಲ ತುಂಡುಗಳೂ ಒಂದೊಂದು ಸಾಲು ಜರುಗಿ, ಒಂದೂ ಹಳೆಯದಕ್ಕೆ ಹೊಂದುವುದಿಲ್ಲ. ಇಡೀ ಪುಸ್ತಕವನ್ನು ಮತ್ತೆ ಸಂಗ್ರಹಿಸಬೇಕಾಗುತ್ತದೆ. ಅದರ ಬದಲು ಅಧ್ಯಾಯ ಮುಗಿದಲ್ಲೆಲ್ಲ ಕತ್ತರಿಸಿದರೆ ಮೊದಲ ಅಧ್ಯಾಯ ಮಾತ್ರ ಬದಲಾಗಿ ಉಳಿದವು ಹಾಗೆಯೇ ಇರುತ್ತವೆ. ಫೈಲಿನಲ್ಲಿ ಅಧ್ಯಾಯಗಳಿಲ್ಲದ ಕಾರಣ, ಈ ತಂತ್ರಾಂಶಗಳು ಬೈಟುಗಳ ಮೇಲೆ ಒಂದು ಸಣ್ಣ ಲೆಕ್ಕವನ್ನು ಓಡಿಸುತ್ತ ಹೋಗಿ, ಉತ್ತರ ಒಂದು ನಿರ್ದಿಷ್ಟ ರೂಪದಲ್ಲಿ ಬಂದಲ್ಲಿ ಕತ್ತರಿಸುತ್ತವೆ. ರೆಸ್ಟಿಕ್‌ನಲ್ಲಿ ಇಂಥ ತುಂಡಿನ ಸರಾಸರಿ ಗಾತ್ರ ಸುಮಾರು 1 ಎಂಬಿ. ಇದರ ದುರ್ಬಲತೆಯನ್ನೂ ಹೇಳಬೇಕು: ಪ್ರತಿ ತುಂಡೂ ಒಂದೇ ಸಲ ಇರುವುದರಿಂದ ಅದು ಕೆಟ್ಟರೆ ಅದನ್ನು ಬಳಸಿದ ಎಲ್ಲ ದಿನಗಳ ಪ್ರತಿಗಳಲ್ಲೂ ಆ ಭಾಗ ಕೆಟ್ಟಂತೆ. ಆ ಕಾರಣಕ್ಕೇ ಇವುಗಳಲ್ಲೆಲ್ಲ ಸಂಗ್ರಹವನ್ನು ತಪಾಸಣೆ ಮಾಡುವ ಆಜ್ಞೆಯಿರುತ್ತದೆ. ತಿಂಗಳಿಗೊಮ್ಮೆಯಾದರೂ ಅದನ್ನು ಓಡಿಸಬೇಕು.

ಇನ್ನು ಉಚಿತ ಎಂಬ ಮಾತು. ಅದರಲ್ಲಿ ಕನಿಷ್ಠ ಮೂರು ಅರ್ಥಗಳು ಬೆರೆತಿವೆ. ಆಪರೇಟಿಂಗ್ ಸಿಸ್ಟಮಿನ ಜೊತೆಗೇ ಬರುವಂಥದ್ದು ಒಂದು. ಮೂಲ ಸಂಕೇತವೇ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶ ಇನ್ನೊಂದು. ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ಕೆಲವು ಸೌಲಭ್ಯಗಳನ್ನು ತೆಗೆದು ಪುಕ್ಕಟೆಯಾಗಿ ಕೊಡುವ ಆವೃತ್ತಿ ಮೂರನೆಯದು. ಮೂರನೆಯದು ಬಳಸಲು ಬಹುಮಟ್ಟಿಗೆ ಎಲ್ಲಕ್ಕಿಂತ ಸುಲಭ, ಹೊಸಬರು ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತಾರೆ. ತಪ್ಪೇನಿಲ್ಲ, ಆದರೆ ಆ ಉಚಿತ ಎಷ್ಟು ದಿನ ಎಂಬುದು ಕಂಪನಿಯ ಕೈಯಲ್ಲಿರುತ್ತದೆ. ವಿಂಡೋಸ್ ಬಳಕೆದಾರರ ಮೆಚ್ಚಿನದಾಗಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ ಬೆಂಬಲ 2024ರ ಜನವರಿ 1ಕ್ಕೆ ಮುಗಿಯಿತು. ಸ್ನೇಹಿತರ ಕಂಪ್ಯೂಟರಿಗೆ ಪುಕ್ಕಟೆಯಾಗಿ ಬ್ಯಾಕಪ್ ಕಳುಹಿಸುವ ಸೌಲಭ್ಯವಿದ್ದ ಕ್ರ್ಯಾಶ್‌ಪ್ಲಾನ್ ತನ್ನ ಗೃಹ ಬಳಕೆಯ ಸೇವೆಯನ್ನು ನಿಲ್ಲಿಸುವುದಾಗಿ 2017ರ ಆಗಸ್ಟಿನಲ್ಲಿ ಪ್ರಕಟಿಸಿ, 2018ರ ಅಕ್ಟೋಬರಿನಲ್ಲಿ ಮುಚ್ಚಿತು. ಇಬ್ಬರೂ ಮುಂಚಿತವಾಗಿಯೇ ತಿಳಿಸಿದರು, ಮೋಸವೇನೂ ಮಾಡಲಿಲ್ಲ; ಬಳಸುತ್ತಿದ್ದವರು ಮಾತ್ರ ಬೇರೆ ದಾರಿ ಹುಡುಕಬೇಕಾಯಿತು. ಮುಕ್ತ ತಂತ್ರಾಂಶದ ಅಭಿವೃದ್ಧಿಯೂ ನಿಲ್ಲಬಹುದು, ಆದರೆ ಅದರ ಸಂಗ್ರಹದ ರೂಪ ಬಹಿರಂಗವಾಗಿರುವುದರಿಂದ ತೆರೆಯುವ ದಾರಿ ಪೂರ್ತಿ ಮುಚ್ಚಿಹೋಗುವುದಿಲ್ಲ. ನನ್ನ ಹಳೆಯ ಅನುಭವದ ನಂತರ ನಾನು ಈ ಎರಡನೆಯ ಗುಂಪಿನ ಕಡೆಗೇ ವಾಲಿದ್ದೇನೆ.

ಹಾಗಿದ್ದರೂ ಮೊದಲು ಪ್ರಯತ್ನಿಸಬೇಕಾದದ್ದು ಕಂಪ್ಯೂಟರಿನಲ್ಲಿ ಈಗಾಗಲೇ ಇರುವುದನ್ನೇ. ಮ್ಯಾಕ್ ಬಳಸುವವರಿಗೆ 2007ರಿಂದ ಟೈಮ್ ಮಷೀನ್ ಇದೆ. ಡಿಸ್ಕ್ ಚುಚ್ಚಿ ಒಪ್ಪಿಗೆ ಕೊಟ್ಟರೆ ಸಾಕು, ಕಳೆದ 24 ಗಂಟೆಗಳಿಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿಯನ್ನು ಇಟ್ಟುಕೊಂಡು, ಜಾಗ ಮುಗಿದಾಗ ಅತ್ಯಂತ ಹಳೆಯದನ್ನು ತಾನೇ ಅಳಿಸುತ್ತದೆ. ಮ್ಯಾಕ್ ಇದ್ದವರು ಇದನ್ನು ಬಿಟ್ಟು ಬೇರೆಯದನ್ನು ಹುಡುಕಲು ನನಗೆ ಬಲವಾದ ಕಾರಣ ಕಾಣುವುದಿಲ್ಲ.

ವಿಂಡೋಸಿನ ಕತೆ ಸ್ವಲ್ಪ ಗೋಜಲು. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಫೈಲ್ ಹಿಸ್ಟರಿ ಈಗಲೂ ಕಂಟ್ರೋಲ್ ಪ್ಯಾನೆಲಿನ ಒಂದು ಮೂಲೆಯಲ್ಲಿದೆ. ಅದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ಫೋಲ್ಡರುಗಳನ್ನಷ್ಟೇ ನೋಡಿಕೊಳ್ಳುತ್ತದೆ, ಇನ್ನೊಂದು ಡ್ರೈವಿನ ಫೋಲ್ಡರ್ ಸೇರಬೇಕಾದರೆ ಅದನ್ನು ಲೈಬ್ರರಿಗೆ ಸೇರಿಸಬೇಕು. ಆದರೆ ಅದರ ಒಂದು ಗುಣ ನನಗೆ ಬಹಳ ಹಿಡಿಸಿದೆ: ಅದು ಫೈಲುಗಳನ್ನು ಸಾಧಾರಣ ಫೈಲುಗಳಾಗಿಯೇ, ಹೆಸರಿನ ಕೊನೆಗೆ ದಿನಾಂಕ ಮತ್ತು ಸಮಯವನ್ನು ಅಂಟಿಸಿ ಇಡುತ್ತದೆ. ಫೈಲ್ ಹಿಸ್ಟರಿಯೇ ಇಲ್ಲದ ಯಂತ್ರಕ್ಕೆ ಆ ಡಿಸ್ಕನ್ನು ಚುಚ್ಚಿದರೂ ಫೋಲ್ಡರ್ ತೆರೆದು ಫೋಟೊ ನೋಡಬಹುದು. ವಿಂಡೋಸಿನಲ್ಲೇ ಇರುವ ಹಳೆಯ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದನ್ನು ಮುಂದುವರಿಸುವುದಿಲ್ಲವೆಂದು ಮೈಕ್ರೋಸಾಫ್ಟ್ 2017ರಲ್ಲೇ ಹೇಳಿದೆ. ಹೊಸದಾಗಿ ಬಂದಿರುವ ವಿಂಡೋಸ್ ಬ್ಯಾಕಪ್ ಎಂಬುದು ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಒನ್‌ಡ್ರೈವಿಗೆ ಕಳುಹಿಸುವಂಥದ್ದು, ಅಲ್ಲಿ ಪುಕ್ಕಟೆಯಾಗಿ ಸಿಗುವುದು 5 ಜಿಬಿ.

ಇದಕ್ಕಿಂತ ಹೆಚ್ಚು ಬೇಕೆನ್ನುವವರಿಗೆ, ಅಂದರೆ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಗೂಢಲಿಪಿಯಲ್ಲಿ ಬರೆಯುವುದು), ಕ್ಲೌಡ್ ಅಥವಾ ಎಲ್ಲ ಫೋಲ್ಡರುಗಳು ಬೇಕಾದವರಿಗೆ, ಡುಪ್ಲಿಕಾಟಿ ಮತ್ತು ಕೋಪಿಯಾ ಎರಡನ್ನೂ ಹಾಕಿ ನೋಡಿ ಎನ್ನುತ್ತೇನೆ. ಡುಪ್ಲಿಕಾಟಿ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ಹೆಜ್ಜೆಹೆಜ್ಜೆಯಾಗಿ ಕೈಹಿಡಿದು ನಡೆಸುತ್ತದೆ. ಅದು ಕಂಪ್ಯೂಟರಿನಲ್ಲಿ ತನ್ನದೊಂದು ಡೇಟಾಬೇಸನ್ನು ಇಟ್ಟುಕೊಳ್ಳುತ್ತದೆ. ಕಂಪ್ಯೂಟರೇ ಹೋದರೆ ಬ್ಯಾಕಪ್ಪಿನಿಂದ ಅದನ್ನು ಮತ್ತೆ ಕಟ್ಟಬೇಕಾಗಿ ಬಂದು, ಸಂಗ್ರಹ ದೊಡ್ಡದಾಗಿದ್ದರೆ ಬಹಳ ಹೊತ್ತು ಹಿಡಿಯುತ್ತದೆ. ಕೋಪಿಯಾಗೂ ಸ್ವಂತ ಕಿಟಕಿಯಿದೆ, ನೋಟ ಒರಟು, ಕೆಲಸ ಚುರುಕು. ಆಜ್ಞೆ ಟೈಪ್ ಮಾಡಲು ಅಂಜದವರಿಗೆ ರೆಸ್ಟಿಕ್ ಎಲ್ಲಕ್ಕಿಂತ ಹಗುರ. ಇಡೀ ತಂತ್ರಾಂಶ ಒಂದೇ ಫೈಲ್, ಅದನ್ನು ಬ್ಯಾಕಪ್ ಡಿಸ್ಕಿನಲ್ಲೇ ಜೊತೆಗಿಟ್ಟರೆ ತೆರೆಯುವ ಸಾಧನವೂ ಅಲ್ಲೇ ಇದ್ದಂತಾಯಿತು. ಲಿನಕ್ಸ್ ಬಳಸುವವರಿಗೆ ಬೋರ್ಗ್ ಮತ್ತು ಅದಕ್ಕೆ ಕಿಟಕಿ ಒದಗಿಸುವ ವೋರ್ಟಾ, ಇನ್ನೂ ಸರಳವಾದದ್ದು ಬೇಕಿದ್ದರೆ ಡೇಜಾ ಡುಪ್ ಇವೆ. ಅಲ್ಲಿ ಟೈಮ್‌ಶಿಫ್ಟ್ ಬಗ್ಗೆ ಮಾತ್ರ ಎಚ್ಚರ: ಅದು ಸಿಸ್ಟಮ್ ಫೈಲುಗಳನ್ನು ಹಿಂದಿನ ಸ್ಥಿತಿಗೆ ತರಲು ಮಾಡಿದ್ದು, ಬಳಕೆದಾರರ ಸ್ವಂತ ಫೈಲುಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಇಮೇಜ್ ತೆಗೆಯಲು ಕ್ಲೋನ್‌ಜಿಲ್ಲಾ ಇದೆ. ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಚಾಲೂ ಮಾಡಿ ಬಳಸಬೇಕು, ಎದುರಾಗುವುದು ಅಕ್ಷರಗಳ ಪರದೆ, ಮೂಲ ಡಿಸ್ಕ್ ಯಾವುದು, ಗುರಿ ಡಿಸ್ಕ್ ಯಾವುದು ಎಂದು ಅದಲುಬದಲಾಗಿ ಆರಿಸಿದರೆ ಇದ್ದದ್ದೂ ಹೋಗುತ್ತದೆ. ಅದರ ಇಮೇಜುಗಳನ್ನೇ ಓದಬಲ್ಲ ರೆಸ್ಕ್ಯೂಜಿಲ್ಲಾ ಮೌಸಿನಿಂದ ನಡೆಯುತ್ತದೆ, ಮನೆಬಳಕೆಗೆ ಅದು ಹೆಚ್ಚು ಸುರಕ್ಷಿತ. ವಿಂಡೋಸಿನ ಒಳಗಿಂದಲೇ ಇಮೇಜ್ ತೆಗೆಯುವ ಉಚಿತ ಆವೃತ್ತಿ ಬೇಕೆಂದರೆ ವೀಮ್ ಏಜೆಂಟ್ ಇದೆ. ಇದು ಮೇಲೆ ಹೇಳಿದ ಮೂರನೆಯ ಗುಂಪಿನದು ಎಂಬುದನ್ನು ಮರೆಯಬಾರದು.

ಎನ್‌ಕ್ರಿಪ್ಷನ್ ಬೇಕೇ ಬೇಡವೇ ಎಂದು ಕೇಳುವವರಿಗೆ ನನ್ನ ಉತ್ತರ: ಡಿಸ್ಕ್ ಮನೆಯಿಂದ ಹೊರಗೆ ಹೋಗುವುದಾದರೆ ಅಥವಾ ಬ್ಯಾಕಪ್ ಕ್ಲೌಡಿಗೆ ಹೋಗುವುದಾದರೆ ಬೇಕೇ ಬೇಕು, ಮನೆಯೊಳಗೇ ಬೀರುವಿನಲ್ಲಿ ಇರುವುದಾದರೆ ವಿಚಾರ ಮಾಡಿ. ರೆಸ್ಟಿಕ್ ಮತ್ತು ಕೋಪಿಯಾ ಎನ್‌ಕ್ರಿಪ್ಟ್ ಮಾಡದೆ ಬರೆಯುವುದೇ ಇಲ್ಲ. ಇವುಗಳಲ್ಲಿ ಪಾಸ್‌ವರ್ಡ್ ಮರೆತರೆ ಬದಲಿ ಪಾಸ್‌ವರ್ಡ್ ಕಳುಹಿಸಿಕೊಡುವ ಯಾರೂ ಇರುವುದಿಲ್ಲ. ಬ್ಯಾಕಪ್ ಇದ್ದಲ್ಲೇ ಮುಗಿಯಿತು. ಪಾಸ್‌ವರ್ಡನ್ನು ಅದೇ ಕಂಪ್ಯೂಟರಿನ ಒಂದು ಫೈಲಿನಲ್ಲಿ ಬರೆದಿಡುವುದೆಂದರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಹಾಕಿ ಬೀಗ ಒತ್ತಿದಂತೆ. ಕಾಗದದಲ್ಲಿ ಬರೆದು, ಮನೆಯ ಇನ್ನೊಬ್ಬರಿಗೆ ಗೊತ್ತಿರುವ ಜಾಗದಲ್ಲಿ ಇಡಿ. ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನೂ ಅದೇ ಕಾಗದದಲ್ಲಿ ಬರೆಯಿರಿ.

ಬ್ಯಾಕಪ್ ಎಲ್ಲಿಗೆ ಎಂಬುದನ್ನು ಒಂದು ಲೆಕ್ಕ ತೀರ್ಮಾನಿಸಿಬಿಡುತ್ತದೆ. 500 ಜಿಬಿಯನ್ನು ಸೆಕೆಂಡಿಗೆ 100 ಎಂಬಿ ಬರೆಯುವ ಯುಎಸ್‌ಬಿ ಡಿಸ್ಕಿಗೆ ಕಳುಹಿಸಲು ಸುಮಾರು ಒಂದೂವರೆ ಗಂಟೆ. ಅದನ್ನೇ ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದ ಇಂಟರ್‌ನೆಟ್ ಮೂಲಕ ಕಳುಹಿಸಿದರೆ, ಒಂದು ಕ್ಷಣವೂ ನಿಲ್ಲದಿದ್ದರೂ ನಾಲ್ಕೂವರೆ ದಿನಕ್ಕಿಂತ ಹೆಚ್ಚು. ಆದುದರಿಂದ ಎಲ್ಲವೂ ಡಿಸ್ಕಿಗೆ, ಅತಿ ಮುಖ್ಯವಾದ ಕೆಲವು ಜಿಬಿ ಮಾತ್ರ ಕ್ಲೌಡಿಗೆ ಎಂಬ ಏರ್ಪಾಡು ಹೆಚ್ಚಿನವರಿಗೆ ಒಗ್ಗುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ 3-2-1 ಸೂತ್ರ ಹೇಳುವುದೂ ಇದಕ್ಕೆ ಹತ್ತಿರದ್ದನ್ನೇ: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಳಚಿಡಿ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕ್ ರ‍್ಯಾನ್ಸಮ್‌ವೇರ್ ಕಣ್ಣಿಗೆ ಇನ್ನೊಂದು ಡ್ರೈವ್ ಅಷ್ಟೇ. ಡಿಸ್ಕಿನ ರೂಪಣೆಯನ್ನೂ (ಫಾರ್ಮ್ಯಾಟ್) ಒಮ್ಮೆ ನೋಡಿ. ಅದು ಎಫ್‌ಎಟಿ32 ಆಗಿದ್ದರೆ 4 ಜಿಬಿ ಮತ್ತು ಅದಕ್ಕಿಂತ ದೊಡ್ಡ ಒಂದೇ ಫೈಲನ್ನು ಅದು ಹಿಡಿಯಲಾರದು, ಉದ್ದದ ವಿಡಿಯೊ ಬಿಟ್ಟುಹೋಗುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಒಂದು ಮಾತು ಹೆಚ್ಚು. ವಿಂಡೋಸಿನ ಡಿಸ್ಕ್ ರೂಪಣೆಯಾದ ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಸಂಕೇತಗಳ ಅವಕಾಶ ಕೊಡುತ್ತದೆ. ಲಿನಕ್ಸಿನ ರೂಪಣೆಯಾದ ಎಕ್ಸ್ಟ್4 ಕೊಡುವುದೂ 255, ಆದರೆ ಅವು ಬೈಟುಗಳು. ಕನ್ನಡದ ಪ್ರತಿ ಸಂಕೇತಕ್ಕೆ ಅಲ್ಲಿ 3 ಬೈಟ್ ಬೇಕು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಸ, ವಿರಾಮ (ಒತ್ತಕ್ಷರ ಕೂಡಿಸುವ ಅರ್ಧಾಕ್ಷರ ಚಿಹ್ನೆ), ತ, ವಿರಾಮ, ರ, ಈಕಾರ ಎಂದು ಆರು ಸಂಕೇತ, ಎಕ್ಸ್ಟ್4 ಲೆಕ್ಕದಲ್ಲಿ 18 ಬೈಟ್. ಹಾಗಾಗಿ ವಿಂಡೋಸಿನಲ್ಲಿ ಸುಖವಾಗಿದ್ದ ಉದ್ದನೆಯ ಕನ್ನಡ ಹೆಸರು, 85 ಸಂಕೇತ ದಾಟಿದರೆ, ಲಿನಕ್ಸ್ ಡಿಸ್ಕಿಗೆ ನೇರವಾಗಿ ನಕಲಾಗುವುದಿಲ್ಲ. ತುಂಡು ಮಾಡಿ ಸಂಗ್ರಹಿಸುವ ತಂತ್ರಾಂಶಗಳಲ್ಲಿ ಹೆಸರುಗಳು ಪಟ್ಟಿಯೊಳಗೆ ಇರುವುದರಿಂದ ಬ್ಯಾಕಪ್ ಆಗುತ್ತದೆ, ತೊಡಕು ಬರುವುದು ಅಂಥ ಡಿಸ್ಕಿಗೆ ಮರಳಿಸುವಾಗ. ಪರೀಕ್ಷೆಗೆಂದು ಆರಿಸುವ ಫೈಲುಗಳಲ್ಲಿ ಒಂದಾದರೂ ಕನ್ನಡ ಹೆಸರಿನದಿರಲಿ.

ಆ ಪರೀಕ್ಷೆಯನ್ನು ತಂತ್ರಾಂಶ ಹಾಕಿದ ಮೊದಲ ವಾರದಲ್ಲೇ ಮಾಡಬೇಕು. ನಾನು ಮಾಡುವುದು ಹೀಗೆ: ಒಂದು ಫೋಟೊ, ಒಂದು ಪತ್ರ, ಒಂದು ದೊಡ್ಡ ವಿಡಿಯೊ ಆರಿಸಿ ಅವುಗಳ ಗಾತ್ರವನ್ನು ಬೈಟಿನವರೆಗೆ ಬರೆದುಕೊಳ್ಳುತ್ತೇನೆ. ಪತ್ರದಲ್ಲಿ ಒಂದು ಸಾಲು ಬದಲಿಸಿ, ಬ್ಯಾಕಪ್ ಓಡಿಸಿ, ಮಾರನೆಯ ದಿನ ಇನ್ನೊಂದು ಸಾಲು ಬದಲಿಸಿ ಮತ್ತೆ ಓಡಿಸುತ್ತೇನೆ. ಅನಂತರ ಬ್ಯಾಕಪ್ ಡಿಸ್ಕನ್ನು ಮನೆಯ ಬೇರೊಂದು ಕಂಪ್ಯೂಟರಿಗೆ ಚುಚ್ಚಿ, ಮೊದಲ ದಿನದ ಪತ್ರವನ್ನು ಖಾಲಿ ಫೋಲ್ಡರಿಗೆ ಮರಳಿಸಿ ತೆರೆದು ಓದುತ್ತೇನೆ, ವಿಡಿಯೊವನ್ನು ಕೊನೆಯ ನಿಮಿಷಕ್ಕೆ ಎಳೆದು ನೋಡುತ್ತೇನೆ, ಗಾತ್ರಗಳನ್ನು ಹೋಲಿಸುತ್ತೇನೆ. ಕಾಗದದಲ್ಲಿ ಬರೆದ ಪಾಸ್‌ವರ್ಡನ್ನೇ ಟೈಪ್ ಮಾಡಬೇಕು, ನೆನಪಿನಲ್ಲಿರುವುದನ್ನಲ್ಲ. ಇದಕ್ಕೆಲ್ಲ ಅರ್ಧ ಗಂಟೆ ಸಾಕು, ಮತ್ತು ಇದರಲ್ಲಿ ಸೋತ ತಂತ್ರಾಂಶವನ್ನು ನಾನು ಇಟ್ಟುಕೊಂಡದ್ದಿಲ್ಲ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರ ಮೂಲ ಸಂಕೇತವನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಸುಮಾರು 300 ಜಿಬಿಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋದಾಗ, ಇದ್ದ ಐದು ಬಗೆಯ ಏರ್ಪಾಡುಗಳಲ್ಲಿ ಯಾವುದೂ ನೆಚ್ಚುವಂತಿಲ್ಲ ಎಂಬುದು ಹೊರಬಿತ್ತು. ನಿಯತವಾಗಿ ನಡೆಯಬೇಕಿದ್ದ ಬ್ಯಾಕಪ್ ಆವೃತ್ತಿಗಳ ಹೊಂದಾಣಿಕೆಯಿಲ್ಲದೆ ವಿಫಲವಾಗುತ್ತಿತ್ತು. ಆ ವೈಫಲ್ಯವನ್ನು ತಿಳಿಸುವ ಇಮೇಲುಗಳು ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟವಶಾತ್ ಸಿಕ್ಕಿ ಅವರು ಬಚಾವಾದರು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದ್ದರಿಂದ ನಮಗೆ ತಿಳಿದಿದೆ. ಮನೆಯ ಮಟ್ಟಿಗೆ ಇದರಿಂದ ಹೊರಡುವ ಪ್ರಶ್ನೆ ಒಂದು: ಮೂರು ವಾರ ಬ್ಯಾಕಪ್ ನಡೆಯದೇ ಇದ್ದರೆ ಈ ತಂತ್ರಾಂಶ ನನಗೆ ಕಾಣುವಂತೆ ಹೇಳುತ್ತದೆಯೇ? ಟೈಮ್ ಮಷೀನ್ ಹೇಳುತ್ತದೆ. ರೆಸ್ಟಿಕ್ ತಾನಾಗಿ ಏನೂ ಹೇಳುವುದಿಲ್ಲ, ಅದಕ್ಕೆ ವೇಳಾಪಟ್ಟಿಯನ್ನೂ ಎಚ್ಚರಿಕೆಯನ್ನೂ ನಾವೇ ಕಟ್ಟಿಕೊಡಬೇಕು.

ಎಷ್ಟು ಹಳೆಯದನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಬಹುತೇಕ ತಂತ್ರಾಂಶಗಳು ಕೇಳುತ್ತವೆ. ದಿನದ ಏಳು, ವಾರದ ನಾಲ್ಕು, ತಿಂಗಳಿನ ಹನ್ನೆರಡು ಎಂದು ಕೊಟ್ಟರೆ ಹೆಚ್ಚೆಂದರೆ 23 ಪ್ರತಿಗಳಲ್ಲಿ ಒಂದು ವರ್ಷ ಹಿಂದಕ್ಕೆ ಹೋಗಬಹುದು. ಎಲ್ಲ ಸಿದ್ಧವಾದ ಮೇಲೆ ಬ್ಯಾಕಪ್ ಡಿಸ್ಕಿನ ಮೇಲೊಂದು ಚೀಟಿ ಅಂಟಿಸಿ: ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಫೋಲ್ಡರುಗಳು, ಕೊನೆಯ ಸಲ ಮರಳಿಸಿ ನೋಡಿದ ದಿನಾಂಕ. ಪಾಸ್‌ವರ್ಡ್ ಆ ಚೀಟಿಯಲ್ಲಿ ಬೇಡ.